ತಮ್ಮಯ್ಯನನ್ನು ದಡ ಮುಟ್ಟಿಸಿದ್ದು

ಜಗಳವಾಡಲು ಎದುರಿಗೊಬ್ಬ ಮನುಷ್ಯ ಇರಲೇಬೇಕೆಂದು ನೀವು ತಿಳಿದಿದ್ದರೆ, ನಮ್ಮ ಸೋದರತ್ತೆಯನ್ನು ನೀವು ನೋಡಿಲ್ಲ ಎಂದೇ ಅರ್ಥ. ನಮ್ಮತ್ತೆ ರೇಡಿಯೋ ಜೊತೆ ಜಗಳವಾಡುತ್ತಿದ್ದರು. ಸುಮ್ಮನೆ ಗೊಣಗುವುದಲ್ಲ ಸ್ವಾಮಿ! ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ನೀಡಿ, "ಏಯ್, ನಿಂಗೇನಾದ್ರೂ ಮಾನ ಮರ್ಯಾದೆ ಅದ್ಯಾ?" ಎಂದು ಕೇಳಿ, ಉತ್ತರಕ್ಕಾಗಿ ಕಾಯುವ ಜಗಳ. ಉತ್ತರ ಬಾರದಿದ್ದಾಗ "ನೋಡ್ದಾ, ಬಾಯಿ ಮುಚ್ಕತು" ಎಂದು ಗೆದ್ದು ಒಳಗೆ ಹೋಗುವ ಜಗಳ. ಅಂಥವರ ಮನೆಯಲ್ಲಿ ನಾನು ತಿಂಗಳುಗಟ್ಟಲೆ ಇದ್ದೆ. ಆಗ ಏರಿದ ಸಿಟ್ಟು ಪೂರ್ತಿ ಇಳಿಯಲು ಎಷ್ಟು ವರ್ಷ ಬೇಕಾಯಿತೆಂದು ಹೇಳಿದರೆ ನೀವು ನಂಬುವುದಿಲ್ಲ.

ನಜರ್‌ಬಾದಿನಲ್ಲಿ ಅತ್ತೆಯದೊಂದು ಸೌದೆ ಡಿಪೋ ಇತ್ತು. ಗಂಡ ತೀರಿಕೊಂಡ ಮೇಲೆ ಊರಿನ ಹೊಲವನ್ನು ಮೈದುನಂದಿರಿಗೆ ಬಿಟ್ಟು ಮೈಸೂರಿಗೆ ಬಂದು, ಗಂಡಸರೇ ತುಂಬಿದ್ದ ಆ ವ್ಯಾಪಾರಕ್ಕೆ ಇಳಿದವರು ಅವರು. ಹಸಿ ಸೌದೆಯನ್ನು ಒಣಸೌದೆ ಎಂದು ತಂದು ಸುರಿಯುವ ಗಾಡಿಯವರಿಗೆಲ್ಲ ಅವರ ಗಂಟಲಿನ ಪರಿಚಯ ಚೆನ್ನಾಗಿತ್ತು. ಆ ಗಂಟಲಿಗೆ ಸರಿಸಮನಾದ ಇನ್ನೊಂದು ಗಂಟಲು ಬೀದಿಯಲ್ಲಿ ಇರಲಿಲ್ಲ, ರೇಡಿಯೋ ಬರುವವರೆಗೆ. ಅದು ಜಗಲಿಯ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತಿತು. ಬೀದಿಗೆ ಅದೊಂದೇ ಆದ್ದರಿಂದ ಸಂಜೆಯಾದರೆ ಸುತ್ತಮುತ್ತಲಿನವರೆಲ್ಲ ಬಂದು ಅಂಗಳದ ಸೌದೆಯ ಮೇಲೆ ಕೂರುತ್ತಿದ್ದರು. ಬೇಗ ಬಂದವರಿಗೆ ಒಣ ಕೊರಡು, ತಡವಾಗಿ ಬಂದವರಿಗೆ ಇರುವೆ ಹತ್ತಿದ ಹಸಿ ಕೊರಡು. ಕುಳಿತವರು ನಡುನಡುವೆ ಎದ್ದು ಕುಣಿಯುವುದನ್ನು ನೋಡಿದ ದಾರಿಹೋಕರು ಒಳಗೆ ಭಜನೆ ನಡೆದಿದೆ ಎಂದುಕೊಳ್ಳುತ್ತಿದ್ದರು.

ನಾನು ಆ ಮನೆಗೆ ಹೋದದ್ದು ರೇಡಿಯೋ ಕೇಳಲಿಕ್ಕಲ್ಲ, ಹೆರಿಗೆಗೆ. ತಾಯಿಯಿಲ್ಲದ ನನಗೆ ಅದೇ ತವರು. ಅದಕ್ಕೆ ಮುಂಚೆ ಎರಡು ಸಲ ಊರಿನಲ್ಲಿ ಹೆತ್ತಿದ್ದೆ. ಎರಡು ಸಲವೂ ಮಗು ಅಳಲಿಲ್ಲ. ಅಷ್ಟು ಹೇಳಿದರೆ ಸಾಕು. ಮೂರನೆಯದಕ್ಕೆ ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿದರು: ದೊಡ್ಡಾಸ್ಪತ್ರೆಯ ಹತ್ತಿರವೇ ಇರಬೇಕು, ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಮನಸ್ಸಿಗೆ ಬೇಜಾರು ಮಾಡಿಕೊಳ್ಳಬಾರದು. ಬೇಜಾರು ಮಾಡಿಕೊಳ್ಳಬಾರದಂತೆ! ನಮ್ಮತ್ತೆಯ ಮನೆಯಲ್ಲಿದ್ದುಕೊಂಡು! ಗಂಡನಿಗೆ ಮಂಡ್ಯದಲ್ಲಿ ಕೆಲಸ. ನನಗೆ ಜಗಲಿಯ ಚಾಪೆ. "ಎಷ್ಟು ತಿಂಗಳಮ್ಮಾ?" ಎಂದು ಕೇಳಿದವರ ಮೇಲೂ ನನಗೆ ಸಿಟ್ಟು, ಕೇಳದೆ ತಲೆ ತಗ್ಗಿಸಿ ಹೋದವರ ಮೇಲೂ ಸಿಟ್ಟು.

ಆ ಬೇಸಿಗೆಯಲ್ಲೇ ಆ ನಾಟಕ ಶುರುವಾಯಿತು. ಪ್ರತಿ ಗುರುವಾರ ಸಂಜೆ ಒಂದು ಕಂತು. ಕನ್ನಡದ ನಾಟಕವೇ, ಆದರೆ ನಡೆಯುವುದು ಅಮೆರಿಕದ ಪಶ್ಚಿಮದ ಬಯಲಿನಲ್ಲಿ. ಕುದುರೆ ಸವಾರರು, ಸೊಂಟದಲ್ಲಿ ಪಿಸ್ತೂಲು, ಲೆಕ್ಕವಿಲ್ಲದಷ್ಟು ದನ. ಇಂಥ ಕಡೆ ಆಕಾಶದಿಂದ ತಟ್ಟೆಯಂಥ ಒಂದು ವಾಹನ ಇಳಿಯುತ್ತದೆ. ಅದರಲ್ಲಿ ಬೇರೆ ಲೋಕದವರು! ಪಕ್ಕದ ಮನೆಯ ಮೇಷ್ಟ್ರಿಗೆ ಇದನ್ನು ಕೇಳಿ ಹಬ್ಬವಾಯಿತು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ನಮ್ಮ ಜನರ ಮೌಢ್ಯ ಕಳೆಯಲೆಂದೇ ಈ ನಾಟಕ ಬಂದಿದೆ ಎಂದು ನಂಬಿ, ಒಂದು ಆಲೂಗಡ್ಡೆ ತಂದು, ಅದೇ ಭೂಮಿಯೆಂದು ತೋರಿಸಿ, ಗುರುತ್ವಾಕರ್ಷಣೆಯನ್ನು ಸೌದೆಯ ಮೇಲೆ ಕೂತವರಿಗೆಲ್ಲ ವಿವರಿಸಿದರು. ಅತ್ತೆ ಕೊನೆಯವರೆಗೆ ಕೇಳಿ, ಆಲೂಗಡ್ಡೆಯನ್ನು ಇಸಿದುಕೊಂಡು ಸಾರಿಗೆ ಹಾಕಿದರು.

ನಾಟಕದಲ್ಲಿ ದನ ಕಾಯುವ ದಂಪತಿಗೆ ಒಬ್ಬ ಪುಟ್ಟ ಮಗ, ಹೆಸರು ಟಾಮಿ. ಅತ್ತೆಯ ಮೊದಲ ತಕರಾರು ಅಲ್ಲಿಂದಲೇ ಹುಟ್ಟಿತು.

"ಮೇಷ್ಟ್ರೇ, ರಷ್ಯಾದೋರು ಆಕಾಸಕ್ಕೆ ನಾಯಿ ಕಳ್ಸುದ್ರು ಅಂತ ನೀವೇ ಹೇಳಿದ್ರಲ್ಲ, ಇದು ಅದೇ ನಾಯೇನು?"

"ನಾಯಿ ಅಲ್ಲ ಕಣ್ರೀ, ಮಗು! ಮಾತಾಡ್ತಾ ಇದೆಯಲ್ಲ, ಕೇಳಿಸ್ತಾ ಇಲ್ವೇ?"

"ಮಗೀಗೆ ಯಾರಾದ್ರೂ ಟಾಮಿ ಅಂತ ಹೆಸರಿಕ್ಕಾರಾ? ಅವರವ್ವಂಗೆ ಬುದ್ಧಿ ಬ್ಯಾಡ್ವಾ?" ಎಂದು ಬೈದು, ಅತ್ತೆ ಅಲ್ಲೇ ಮಗುವಿಗೆ ತಮ್ಮಯ್ಯ ಎಂದು ನಾಮಕರಣ ಮಾಡಿದರು. ಅಂದಿನಿಂದ ಇಡೀ ಬೀದಿಗೆ ಅವನು ತಮ್ಮಯ್ಯನೇ.

ಮೊದಲ ಕಂತಿನ ಕೊನೆಗೆ ಏನಾಗಬೇಕು? ತಟ್ಟೆಯ ವಾಹನದಿಂದ ಒಂದು ಬೆಳಕಿನ ಕಂಬ ಇಳಿಯಿತು. ತಮ್ಮಯ್ಯ "ಅಮ್ಮಾ!" ಎಂದು ಕೂಗುತ್ತಾ ಮೇಲಕ್ಕೆ, ಮೇಲಕ್ಕೆ ಹೋದ. ಧ್ವನಿ ಸಣ್ಣದಾಯಿತು. ವಾದ್ಯಗಳು ಮೊಳಗಿದವು. ಮುಂದಿನ ಭಾಗ ಮುಂದಿನ ವಾರ ಎಂದು ಒಬ್ಬರು ಮೆದುವಾಗಿ ಹೇಳಿ ಹೊರಟುಹೋದರು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಎಷ್ಟೋ ತಿಂಗಳ ಮೇಲೆ, ನನ್ನ ಹೊಟ್ಟೆಯ ಯೋಚನೆ ಬಿಟ್ಟು ಬೇರೆ ಯಾವುದೋ ಮಗುವಿನ ಯೋಚನೆ ಮಾಡಿದ್ದೆ. ಅಷ್ಟರಲ್ಲಿ ಅತ್ತೆ ಎದ್ದು ನಿಂತರು.

"ನಿನ್ ಮನೆ ಹಾಳಾಗ! ನಿಲ್ಲಿಸ್ಬುಟ್ಟಾ? ಮಗೀನ ಎಳ್ಕಂಡೋಗಿ ಮ್ಯಾಲೆ ತೂಗಾಕ್ಬುಟ್ಟು ಮುಂದಿನ್ ವಾರ ಅಂತೀಯಾ? ಅಲ್ಲೀಗಂಟ ಅದು ಏನ್ ತಿನ್ಬೇಕು? ಏ, ಯಾರೂ ಏಳ್ಬ್ಯಾಡಿ! ಕೇಡಿನ ಜಾಗ್ದಲ್ಲಿ ಕತೆ ಬುಟ್ಟು ಎದ್ದೋಗ್ತೀರಾ? ಮನೇಲಿ ಬಸ್ರಿ ಅವ್ಳೆ!"

ಎಲ್ಲರೂ ತಿರುಗಿ ನನ್ನ ಹೊಟ್ಟೆಯನ್ನೇ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆಯ ಊರಿನಲ್ಲಿ ಗುಡಿಯ ಜಗಲಿಯ ಮೇಲೆ ಪುರಾಣ ಓದಿಸುವ ಪದ್ಧತಿಯಿತ್ತು. ಅಲ್ಲೊಂದು ಕಟ್ಟಳೆ. ಯಾರೋ ಸಾಯುವ ಕಡೆ, ಕಾಡು ಸೇರುವ ಕಡೆ, ತಾಯಿ ಮಗು ಅಗಲುವ ಕಡೆ ಓದು ನಿಲ್ಲಿಸುವ ಹಾಗಿಲ್ಲ. ಓದುವವರ ಗಂಟಲು ಕಟ್ಟಿದರೆ ಬಿಸಿನೀರು ಕೊಟ್ಟು, ದೀಪ ಸಣ್ಣಗಾದರೆ ಎಣ್ಣೆ ಹೊಯ್ದು, ಯಾರಿಗಾದರೂ ಏನಾದರೂ ಒಳ್ಳೆಯದಾಗುವ ಜಾಗದವರೆಗೆ ಓದಿಸಿಯೇ ಜನ ಏಳಬೇಕು. ಇಲ್ಲದಿದ್ದರೆ ಕತೆಯೊಳಗಿನ ಕೇಡು ಕೇಳಿದವರ ಹಿಂದೆಯೇ ಮನೆಗೆ ಬರುತ್ತದಂತೆ. ಇದಕ್ಕೆ ಅತ್ತೆ ದಡ ಮುಟ್ಟಿಸುವುದು ಎನ್ನುತ್ತಿದ್ದರು. ರೇಡಿಯೋದವರು ದಡ ಮುಟ್ಟಿಸದೆ ಓಡಿಹೋದ ಮೇಲೆ ಬೇರೆ ದಾರಿಯೇನು? ಅತ್ತೆಯೇ ಮುಟ್ಟಿಸಿದರು.

"ಆ ಗಾಡಿಯೋನ್ಗೂ ಮನೇಲಿ ಎಂಡ್ತಿ ಅವ್ಳೆ. ಮಗ ಅಳೋದ ನೋಡಿ, 'ಯಾರ್ ಮಗೀನ ಒತ್ಕಂಡ್ ಬಂದ್ಯೋ ಮುಂಡೇದೆ, ಓಗಿ ಬುಟ್ಬುಟ್ಟು ಬಾ' ಅಂತ ಉಗುದ್ಲು. ಅವನು ತಂದು ಬುಟ್ಟ. ಅವ್ವ ತಮ್ಮಯ್ಯಂಗೆ ತಲೆಗೆ ಎಣ್ಣೆ ಒತ್ತಿ ನೀರುಯ್ದು, ಬಿಸಿ ಮುದ್ದೆ, ಅವರೆಕಾಳು ಸಾರು ಉಣ್ಸಿ ಮನಗಿಸಿದ್ಲು. ಊಂ, ಇನ್ನ ಏಳಿ."

ಮೇಷ್ಟ್ರು ಕೊರಡಿನ ಮೇಲಿಂದ ನೆಗೆದೇಬಿಟ್ಟರು. "ಅಮೆರಿಕಾದಲ್ಲಿ ರಾಗಿಮುದ್ದೆ ಎಲ್ಲಿಂದ ಬರುತ್ತೆ ಡಿಪೋ ಅಮ್ಮಾವ್ರೇ?"

"ಅಷ್ಟೊಂದು ದನ ಕಟ್ಕಂಡವ್ರೆ, ಗೊಬ್ರಕ್ಕೇನು ಬರವಾ? ರಾಗಿ ಬೆಳೀದೆ ಇನ್ನೇನ್ ಬೆಳೀತಾರೆ?"

ಜನ ನಗುತ್ತಾ ನೆಮ್ಮದಿಯಾಗಿ ಮನೆಗೆ ಹೋದರು. ನನಗೆ ಮಾತ್ರ ಬಾಯಿಗೆ ಬಂದ ತುತ್ತನ್ನು ಕಿತ್ತುಕೊಂಡ ಹಾಗಾಗಿತ್ತು.

ಮುಂದಿನ ಗುರುವಾರ ರೇಡಿಯೋ ಹಾಕಿದರೆ ತಮ್ಮಯ್ಯ ಇನ್ನೂ ಆಕಾಶದಲ್ಲೇ ಇದ್ದಾನೆ! ಅಂಗಳದಲ್ಲಿ ಗುಲ್ಲೆದ್ದಿತು. ಹಿಂದಿನ ವಾರ ತಡವಾಗಿ ಬಂದು ಅತ್ತೆಯ ಕತೆಯನ್ನಷ್ಟೇ ಕೇಳಿದ್ದ ಜಟಕಾ ಸಾಬರು ಎದ್ದು ನಿಂತು ಕೇಳಿದರು: "ಏನಮ್ಮಾ ಇದು? ಮುದ್ದೆ ಉಂಡು ಮಲಗಿದ್ದ ಹುಡುಗ ಮ್ಯಾಲೆ ಹೆಂಗೆ ಹೋದ?" ಹೂವಿನಮ್ಮ, "ನಾನು ಓಣಿಯೋರಿಗೆಲ್ಲ ಮಗ ಸಿಕ್ತು ಅಂತ ಹೇಳ್ಕಂಡು ಬಂದಿದ್ದೀನಿ, ಈಗ ಯಾವ ಮುಖ ಇಟ್ಕಂಡು ಹೂ ಮಾರ್ಲಿ?" ಎಂದು ಅತ್ತೆಯ ಮೇಲೆ ಹರಿಹಾಯ್ದಳು. ಅತ್ತೆ ಜಗ್ಗುವವರೇ? ರೇಡಿಯೋ ಕಡೆ ಕೈ ನೀಡಿ, "ಅದುನ್ನ ಕೇಳಿ! ತಂದು ಬುಟ್ಟಿದ್ದ ಮಗೀನ ತಿರ್ಗ ಒತ್ಕಂಡು ಓಗವ್ರೆ, ಕಳ್ ನನ್ ಮಕ್ಳು!" ಎಂದರು. ಹೀಗಾಗಿ ನಾಟಕ ಬರೆದವರು ಆ ಮಗುವನ್ನು ಒಂದೇ ಸಲ ಕದ್ದಿದ್ದರೂ ನಮ್ಮತ್ತೆಯ ದೆಸೆಯಿಂದ ಅದು ವಾರವಾರವೂ ಕಳುವಾಗಬೇಕಾಯಿತು!

ಕಂತು ಮುಗಿದಂತೆಲ್ಲ ಅಂಗಳದ ಸಿಟ್ಟು ಏರುತ್ತಾ ಹೋಯಿತು. ನಾಟಕದಲ್ಲಿ ಒಂದು ಹಾಡೂ ಇಲ್ಲವೆಂದು ಕೆಲವರಿಗೆ ಸಿಟ್ಟು. ಪಿಸ್ತೂಲಿನ ಸದ್ದಿಗೆ ಬೀದಿಯ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ಕೆಲವರಿಗೆ. ತಾವು ಹೇಳಿಕೊಟ್ಟ ವಿಜ್ಞಾನವೆಲ್ಲ ಅತ್ತೆ ಬಾಯಿ ತೆರೆದ ಕೂಡಲೇ ಮುದ್ದೆ ಸಾರಾಗುತ್ತದಲ್ಲ ಎಂದು ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು. "ನಾನು ಸುಳ್ಳನ್ನ ಸಹಿಸೋಲ್ಲ ಕಣ್ರೀ! ಇದ್ದದ್ದನ್ನ ಇದ್ದ ಹಾಗೆ ಹೇಳೋದೇ ವಿಜ್ಞಾನ!" ಎಂದು ಕಿರುಚಿ, ಕೊಡೆ ಮರೆತು, ಮನೆಗೆ ಹೋಗಿ, ಕೊಡೆಗಾಗಿ ಮತ್ತೆ ಬಂದು, ಅದೇ ಮಾತನ್ನು ಮತ್ತೊಮ್ಮೆ ಕಿರುಚಿ ಹೋಗುತ್ತಿದ್ದರು.

ಕೊನೆಗೆ ಅತ್ತೆ ಸಾಬರ ಜಟಕಾ ಹತ್ತಿ ರೇಡಿಯೋ ಆಫೀಸಿಗೇ ಹೋದರು. ಹೋಗುವಾಗ ಒಂದು ಡಬ್ಬ ಕೋಡುಬಳೆ ಬೇರೆ, ತಮ್ಮಯ್ಯನಿಗೆಂದು. ಅಲ್ಲಿದ್ದ ಅಧಿಕಾರಿಗಳು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. ಕತೆಯನ್ನು ಒಳ್ಳೆಯ ಜಾಗದಲ್ಲಿ ನಿಲ್ಲಿಸಬೇಕೆಂದು ಅತ್ತೆ ಹೇಳಿದ್ದಕ್ಕೆ, ಹಾಗೆ ನಿಲ್ಲಿಸಿದರೆ ಮುಂದಿನ ವಾರ ಯಾರೂ ಕೇಳುವುದಿಲ್ಲ ಎಂದು ನಕ್ಕರಂತೆ. "ಬಸ್ರೀರು ಬಾಣಂತೀರು ಕೇಳ್ತಾರೆ, ನಗ್ತೀರಾ?" ಎಂದು ಅತ್ತೆ ಗದರಿದ ಮೇಲೆ ನಗು ನಿಲ್ಲಿಸಿ, ಪಾತ್ರಧಾರಿಯನ್ನಾದರೂ ನೋಡಿ ಸಮಾಧಾನ ಮಾಡಿಕೊಳ್ಳಲಿ ಎಂದು ಟಾಮಿಯನ್ನು ಕರೆಸಿದರು. ಬಂದದ್ದು ಯಾರು? ದಪ್ಪ ಕನ್ನಡಕ, ಅರ್ಧ ನೆರೆತ ತಲೆ, ಕೈಯಲ್ಲಿ ಸ್ವೆಟರ್ ಹೆಣೆಯುವ ಕಡ್ಡಿ ಹಿಡಿದ ಒಬ್ಬ ಮಹಿಳೆ! ಮಕ್ಕಳ ಧ್ವನಿಯೆಲ್ಲ ಅವರದೇ ಅಂತೆ. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಲ್ಲಾ ಕಣವ್ವಾ, ಈ ವಯಸ್ನಲ್ಲಿ ಆಕಾಸಕ್ಕೆ ಓಗಿ ಅಮ್ಮಾ ಅಂತ ಕಿರುಚ್ಕಂತೀಯಲ್ಲ, ನಿಂಗೆ ಮನೇಲಿ ಯೋಳೋರು ಕೇಳೋರು ಇಲ್ವಾ?" ಎಂದರಂತೆ. ಆದರೆ ಕೋಡುಬಳೆಯನ್ನು ವಾಪಸ್ಸು ತರಲಿಲ್ಲ. ದಿನಾ ಆಕಾಶದಲ್ಲಿ ಹಸಿದುಕೊಂಡಿರುವವಳು ತಿನ್ನಲಿ ಎಂದು ಕೊಟ್ಟೇ ಬಂದರು.

ಇದನ್ನೆಲ್ಲ ಕೇಳಿ ನಗಬಹುದು. ನನಗೆ ನಗು ಬರಲಿಲ್ಲ. ದಿನ ತುಂಬುತ್ತಾ ಬಂದಿತ್ತು. ಒಂದು ಗುರುವಾರ ನನ್ನ ಸಿಟ್ಟು ಒಡೆದೇಹೋಯಿತು. ಎಲ್ಲರೂ ಹೋದ ಮೇಲೆ ಹೇಳಿದೆ:

"ಅತ್ತೆ, ನನಗೆ ನಿಮ್ಮ ಮುದ್ದೆ ಸಾರು ಬೇಡ. ಮುಂದೇನಾಗುತ್ತೋ ಅಂತ ಕಾಯೋದಾದರೂ ನನಗಿರಲಿ. ಒಂದು ವಾರ ಕಳೆಯುತ್ತೆ."

"ಕಾಯಕ್ಕೆ ನಿನ್ನೊಟ್ಟೇಲಿ ಒಂದಿಲ್ವಾ? ಅದು ಸಾಲ್ದಾ?"

"ನೀವು ಹೇಳಿದ ಹಾಗೆ ನಡೆಯುತ್ತಾ ಎಲ್ಲ? ಎಣ್ಣೆ ಒತ್ತಿದರಂತೆ, ನೀರು ಹಾಕಿದರಂತೆ! ನನ್ನ ಎರಡು ಮಕ್ಕಳ ಕತೆ ಎಲ್ಲಿ ನಿಂತಿತು, ಗೊತ್ತಲ್ಲ? ಆಗ ಯಾರು ದಡ ಮುಟ್ಟಿಸಿದರು?"

ಅತ್ತೆಯ ಮುಖ ಕೆಂಪಾಯಿತು. ನನ್ನ ಜೀವಮಾನದಲ್ಲಿ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಕೇಳಿಲ್ಲ. "ನಾನಿರ್ನಿಲ್ಲ ಕಣಮ್ಮಿ ಅಲ್ಲಿ! ನಾನಿರ್ನಿಲ್ಲ! ಈ ಸಲ ಇವ್ನಿ!" ಎಂದವರೇ ಕೊಡಲಿ ತೆಗೆದುಕೊಂಡು ಅಂಗಳಕ್ಕೆ ಇಳಿದು, ಸೀಳಿದ್ದ ಸೌದೆಯನ್ನೇ ಮತ್ತೆ ಸೀಳುತ್ತಾ ನಿಂತರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಮೂರು ದಿನ ಇಬ್ಬರೂ ಮಾತಾಡಲಿಲ್ಲ.

ಕೊನೆಯ ಕಂತಿನ ಗುರುವಾರ ಬಂತು. ಮಧ್ಯಾಹ್ನದಿಂದಲೇ ಒಣ ಕೊರಡುಗಳೆಲ್ಲ ಭರ್ತಿ. ಬೇರೆ ಬೀದಿಯವರೂ ಬಂದಿದ್ದರು. ಅದೇ ಹೊತ್ತಿಗೆ ನನಗೆ ನೋವು ಶುರುವಾಗಬೇಕೆ? ಜಟಕಾ ಬಾಗಿಲಿಗೆ ಬಂತು. ಇಬ್ಬರು ಹಿಡಿದು ಹತ್ತಿಸುತ್ತಿದ್ದರೆ ನಾನು ಹಲ್ಲು ಕಚ್ಚಿಕೊಂಡು, "ಇವತ್ತೇ ಕೊನೇ ಕಂತು! ಇವತ್ತೇ ಬರಬೇಕಾಗಿತ್ತಾ ಇದು!" ಎಂದು ಅಳುತ್ತಿದ್ದೆ. ಅತ್ತೆ ನನ್ನ ಪಕ್ಕ ಹತ್ತಿ ಕೂತವರು, ಜಟಕಾ ಹೊರಟ ಮೇಲೆ ತಲೆ ಹೊರಹಾಕಿ ಕೂಗಿದರು: "ಮೇಷ್ಟ್ರೇ! ರೇಡಿಯೋ ನೀವೇ ಆಕಿ! ಕೇಡಿನ ಜಾಗ್ದಲ್ಲಿ ನಿಂತ್ರೆ ಯಾರ್ನೂ ಏಳಕ್ಕೆ ಬುಡ್ಬ್ಯಾಡಿ, ದಡ ಮುಟ್ಸಿ!"

"ಅಂಥ ಅವೈಜ್ಞಾನಿಕ ಕೆಲಸ ನನ್ನ ಕೈಲಿ ಆಗೋಲ್ಲ!" ಎಂದು ಮೇಷ್ಟ್ರು ಹಿಂದಿನಿಂದ ಕೂಗಿದ್ದು ಕೇಳಿಸಿತು.

ಆಸ್ಪತ್ರೆಯ ವಿಚಾರ ಹೆಚ್ಚು ಹೇಳಲಾರೆ. ದೀಪ ಹಚ್ಚುವ ಹೊತ್ತಿಗೆ ಮಗು ಹುಟ್ಟಿತು. ಒಂದು ಗಳಿಗೆ ಸದ್ದಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಆಗ ಬಾಗಿಲಾಚೆ ಅತ್ತೆ ನರ್ಸಮ್ಮನನ್ನೂ ಡಾಕ್ಟರಮ್ಮನನ್ನೂ ಇಡೀ ಆಸ್ಪತ್ರೆಯನ್ನೂ ಬೈಯಲು ಶುರುಮಾಡಿದರು: "ಅಳ್ಸೀ! ಏನ್ ನೋಡ್ತಾ ನಿಂತಿದ್ದೀರಿ, ಅಳ್ಸೀ!" ಆ ಗಂಟಲಿಗೆ ಹೆದರಿಯೋ ಏನೋ, ನನ್ನ ಮಗಳು ಅತ್ತಳು. ಅದಕ್ಕಿಂತ ಚೆಂದದ ಸದ್ದನ್ನು ನಾನು ಈವರೆಗೆ ಕೇಳಿಲ್ಲ.

ಮಾರನೆಯ ದಿನ ಮೇಷ್ಟ್ರು ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು. ನಾನು ಕೇಳಿದ ಮೊದಲ ಮಾತು, "ತಮ್ಮಯ್ಯ ಏನಾದ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ವಾಪಸ್ಸು ಬಂದ. ಕ್ಷೇಮವಾಗಿ ಬಂದ" ಎಂದರು.

ಅತ್ತೆಯ ಸಂಭ್ರಮ ನೋಡಬೇಕಿತ್ತು! ತಾವು ಕಚೇರಿಗೆ ಹೋಗಿ ಬೈದು ಬಂದದ್ದಕ್ಕೇ ರೇಡಿಯೋದವರಿಗೆ ಬುದ್ಧಿ ಬಂತೆಂದು ವಾರ್ಡಿನ ಬಾಣಂತಿಯರಿಗೆಲ್ಲ ಹೇಳಿದರು. ಆಮೇಲೆ ಸೌದೆ ಕೊಳ್ಳಲು ಬಂದವರಿಗೆಲ್ಲ ವರ್ಷಗಟ್ಟಲೆ ಅದನ್ನೇ ಹೇಳಿದರು. ಹೂವಿನಮ್ಮ, ಸಾಬರು, ಬೀದಿಯವರೆಲ್ಲ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ನನಗೋ ಒಳಗೇ ಉರಿ. ಇಷ್ಟು ಜಂಬದ ಹೆಂಗಸಿನ ಮಾತೇ ಗೆಲ್ಲಬೇಕಿತ್ತೆ?

ಮಗಳು ಅಂಗಳವೆಲ್ಲ ಓಡಾಡುವಷ್ಟು ದೊಡ್ಡವಳಾದ ಮೇಲೆ ರೇಡಿಯೋದವರು ಆ ನಾಟಕವನ್ನು ಮತ್ತೆ ಹಾಕಿದರು. ಮಂಡ್ಯದ ಮನೆಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೊನೆಯ ಕಂತನ್ನು ಕೇಳಿದೆ. ತಟ್ಟೆಯ ವಾಹನ ದೂರ ಸರಿಯಿತು. ತಾಯಿ ಬಯಲಿನಲ್ಲಿ ಓಡಿದಳು. ಆಕಾಶದಿಂದ ಒಂದು ಪುಟ್ಟ ಟೋಪಿ ಬಿತ್ತು. ಟೋಪಿ ಮಾತ್ರ! ಗಾಳಿಯ ಸದ್ದು. ಮುಗಿಯಿತು. ತಮ್ಮಯ್ಯ ಬರಲೇ ಇಲ್ಲ.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಒಂದಿಡೀ ಬೀದಿ ಸೇರಿಕೊಂಡು ನನ್ನನ್ನು ಮೂರ್ಖಳನ್ನಾಗಿ ಮಾಡಿತ್ತು! ಅತ್ತೆಯೇ ಹೇಳಿಕೊಟ್ಟು ಮಾಡಿಸಿರಬೇಕು, ಇನ್ನಾರು? ಮಾರನೆಯ ದಿನವೇ ಮಗಳನ್ನು ಎತ್ತಿಕೊಂಡು ಮೈಸೂರಿನ ಬಸ್ಸು ಹತ್ತಿದೆ. ಅತ್ತೆಯ ಮುಖಕ್ಕೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮಸೆದೆ. ಮೊದಲು ಮೇಷ್ಟ್ರ ಮನೆಗೆ ನುಗ್ಗಿದೆ.

"ಸುಳ್ಳನ್ನ ಸಹಿಸೋಲ್ಲ ಅಂತಿದ್ರಲ್ಲ ಮೇಷ್ಟ್ರೇ! ಅತ್ತೆ ಹೇಳಿಕೊಟ್ಟರು, ನೀವು ಒಪ್ಪಿಸಿದಿರಿ, ಅಲ್ವೇ?"

ಮೇಷ್ಟ್ರು ಗಾಬರಿಯಿಂದ ಬಾಗಿಲು ಹಾಕಿ ಬಂದರು. "ಮೆತ್ತಗೆ ಕಣಮ್ಮಾ! ನಿಮ್ಮತ್ತೆಗೆ ಗೊತ್ತಿಲ್ಲ. ಅವರು ಕೇಳಿದ್ದರೆ ತಾನೇ? ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದರಲ್ಲ. ಅವತ್ತು ನಾಟಕ ಮುಗೀತು. ನಾನು ರೇಡಿಯೋ ಆರಿಸಿದೆ. ಯಾರೂ ಏಳಲಿಲ್ಲ ಕಣಮ್ಮಾ. ಅಷ್ಟೂ ಜನ ಸುಮ್ಮನೆ ನನ್ನ ಮುಖಾನೇ ನೋಡ್ತಾ ಕೂತರು. ನೀನು ಅಲ್ಲಿ ನೋವು ತಿಂತಾ ಇದ್ದೀಯ ಅಂತ ಎಲ್ಲರಿಗೂ ಗೊತ್ತು. ನಾನೇನು ಮಾಡ್ಲಿ? ಹೇಳಿದೆ."

"ಏನಂತ?"

"ವಾಹನದಲ್ಲಿ ಇಂಧನ ಸಾಲದೆ ಬಂತು, ಭಾರ ಇಳಿಸಲೇಬೇಕಾಯ್ತು, ಅದಕ್ಕೆ ಮಗೂನ ಕೆಳಗಿಳಿಸಿದರು ಅಂತ. ವೈಜ್ಞಾನಿಕವಾಗಿ ಅದರಲ್ಲಿ ತಪ್ಪೇನಿಲ್ಲ." ಮೇಷ್ಟ್ರು ದನಿ ತಗ್ಗಿಸಿದರು. "ಎಣ್ಣೆ ಒತ್ತೋದು ಮರೆತುಬಿಟ್ಟಿದ್ದೆ. ಹೂವಿನಮ್ಮ ನೆನಪು ಮಾಡಿದಳು. ಆಮೇಲೆ ಎಲ್ಲರೂ ಎದ್ದರು. ಹೊರಗಡೆ ಯಾರೂ ಬೇರೆ ಥರ ಹೇಳಬಾರದು ಅಂತ, ನಿಮ್ಮನ್ನ ಆಸ್ಪತ್ರೆಗೆ ಬಿಟ್ಟು ವಾಪಸ್ಸು ಬಂದಿದ್ದ ಸಾಬರು ಎಲ್ಲರ ಹತ್ತಿರ ಮಾತು ತಗೊಂಡರು. ಈಗ ಮತ್ತೆ ನಾಟಕ ಬರುತ್ತೆ ಅಂತ ಗೊತ್ತಾದಾಗ ನಾನೇ ಹೋಗಿ ನಿಮ್ಮತ್ತೆ ರೇಡಿಯೋದ ವಾಲ್ವು ಕಿತ್ತುಕೊಂಡು ಬಂದಿದೀನಿ, ಸುಟ್ಟುಹೋಗಿದೆ ಅಂತ ಹೇಳಿ." ಮೇಜಿನ ಖಾನೆ ಎಳೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆ ಗಾಜಿನ ವಾಲ್ವನ್ನು ತೋರಿಸಿದರು.

ಡಿಪೋಗೆ ಹೋದಾಗ ಅತ್ತೆ ಗಾಡಿಯವನೊಬ್ಬನನ್ನು ಬೈಯುತ್ತಿದ್ದರು. ನನ್ನನ್ನು ಕಂಡು ಅವನನ್ನು ಬಿಟ್ಟು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳನ್ನು ಎತ್ತಿಕೊಂಡು ಜಗಲಿಯ ಮೇಲೆ ಕೂತರು. ಪಕ್ಕದಲ್ಲಿ ರೇಡಿಯೋ ತೆಪ್ಪಗಿತ್ತು.

"ಮಂಡ್ಯದಲ್ಲಿ ಕೇಳ್ದೇನಮ್ಮಿ ನಾಟ್ಕವ? ಈ ಹಾಳಾದ್ದು ಸರ್ಯಾದ್ ಒತ್ಗೇ ಕೈ ಕೊಡ್ತು. ಆ ಕಡೇ ಕಂತ ನಾ ಕಿವಿಯಾರ ಕೇಳ್ನೇ ಇಲ್ಲ ನೋಡು."

ಬಸ್ಸಿನಲ್ಲಿ ಚೆನ್ನಾಗಿ ಮಸೆದುಕೊಂಡು ಬಂದಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಕೇಳಿದೆ ಅತ್ತೆ" ಎಂದೆ.

"ತಮ್ಮಯ್ಯ ಬಂದ್ನಾ?"

"ಬಂದ."

ಅತ್ತೆ ನನ್ನ ಮಗಳ ತಲೆ ನೇವರಿಸುತ್ತಾ, ನನ್ನ ಮುಖ ನೋಡದೆ ಕೇಳಿದರು: "ಅಳ್ತಾ ಬಂದ್ನಾ?"

"ಜೋರಾಗಿ ಅಳ್ತಾ ಬಂದ ಅತ್ತೆ. ಊರಿಗೆಲ್ಲ ಕೇಳಿಸೋ ಹಾಗೆ."

"ಅಂಗಾದ್ರೆ ಸರಿ ಬುಡು" ಎಂದರು ಅತ್ತೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಗಾಡಿಯವನನ್ನು ಮತ್ತೆ ಬೈಯಲು ಎದ್ದರು.